ಮೆಂತ್ಯದ ಮೇಲೆ ಬಿದ್ದ ನೀರು

ನಮ್ಮ ಮನೆಗೆ ಹೊಸದಾಗಿ ಬಂದವರು ಹೊಸ್ತಿಲು ದಾಟುವ ಮೊದಲೇ ಸೀನುತ್ತಿದ್ದರು. ಮಕ್ಕಳಾದ ನಮಗೆ ಅದನ್ನು ಕಾಯ್ದು ಕೂತು ನಗುವುದೇ ಒಂದು ಆಟ. ನಿಪ್ಪಾಣಿಯ ಆಚೆ, ಮಹಾರಾಷ್ಟ್ರ ಗಡಿಯ ಕೊಗನೊಳ್ಳಿಗೆ ನಡೆದೇ ಹೋಗಬಹುದಾದಷ್ಟು ಹತ್ತಿರದ ಊರು ನಮ್ಮದು. ಹೊಲದ ತುಂಬ ತಂಬಾಕು. ಸುಗ್ಗಿ ಬಂತೆಂದರೆ ಮನೆಯ ತುಂಬವೂ ಅದೇ. ಅಂಗಳದಲ್ಲಿ ಒಣಗಲು ಹರವಿದ ಎಲೆ, ಪಡಸಾಲೆಯ ಮೂಲೆಯಲ್ಲಿ ಕಟ್ಟಿಟ್ಟ ಚೀಲ, ಅಟ್ಟದ ಮೇಲೆ ಕಡ್ಡಿ ಮತ್ತು ಚೂರು. ಕೌದಿ ಹೊದ್ದರೆ ಕೌದಿಗೂ ಆ ಘಾಟು, ನೀರು ಕುಡಿದರೆ ತಂಬಿಗೆಗೂ ಆ ಘಾಟು. ನಮ್ಮ ಮೂಗಿಗೆ ಅದು ತಿಳಿಯುತ್ತಲೇ ಇರಲಿಲ್ಲ. ಬೆಳಗಾದರೆ ಆಯಿ, ಅಂದರೆ ಅಪ್ಪನ ತಾಯಿ, ಹಂಚಿನ ಮೇಲೆ ತಂಬಾಕು ಹುರಿದು ಕಪ್ಪಗೆ ಪುಡಿಮಾಡಿಟ್ಟ ಮಿಸರಿಯನ್ನು ಅಂಗೈಗೆ ಸುರುವಿಕೊಂಡು ಕಟ್ಟೆಯ ಮೇಲೆ ಕೂತು ಹಲ್ಲು ತಿಕ್ಕುತ್ತಿದ್ದಳು. ಅರ್ಧ ತಾಸು ಅದು ನಡೆಯುತ್ತಿತ್ತು. ಬಾಯಿ ತುಂಬ ಕರಿ ಉಗುಳು ಇದ್ದುದರಿಂದ ಮಾತಿಲ್ಲ. ಯಾರು ಏನು ಕೆಲಸ ಮಾಡಬೇಕು ಎಂಬುದನ್ನೆಲ್ಲ ಎಡಗೈ ಸನ್ನೆಯಲ್ಲೇ ಹಂಚುತ್ತಿದ್ದಳು. ಆ ಕೈ ತೋರಿದ ಕಡೆ ಹೋಗದವರು ಆ ಮನೆಯಲ್ಲಿ ಯಾರೂ ಇರಲಿಲ್ಲ, ಅಪ್ಪನೂ ಸೇರಿ.

ಅವ್ವ ಅಥಣಿ ತಾಲ್ಲೂಕಿನ ಐಗಳಿಯವಳು. ಮದುವೆಯಾಗಿ ಬಂದು ಹನ್ನೆರಡು ವರ್ಷ ಕಳೆದಿದ್ದರೂ ಆಯಿಯ ಬಾಯಲ್ಲಿ ಅವಳಿಗೆ ಗೌರವ್ವ ಎಂಬ ಹೆಸರಿರಲಿಲ್ಲ, 'ಐಗಳಿಯಾಕಿ' ಎಂದೇ ಮಾತು. ಅವ್ವನಿಗೆ ತಿಳಿಯಬಾರದ ಸಂಗತಿ ಏನಾದರೂ ಇದ್ದರೆ ಆಯಿ ಮತ್ತು ಅಪ್ಪ ಮರಾಠಿಗೆ ಹೊರಳುತ್ತಿದ್ದರು. ಹನ್ನೆರಡು ವರ್ಷದಲ್ಲಿ ಅವಳಿಗೆ ಮರಾಠಿ ಪೂರ್ತಿ ತಿಳಿಯುತ್ತಿತ್ತು. ಅದು ಅವರಿಗೆ ಗೊತ್ತಿರಲಿಲ್ಲವೋ, ಗೊತ್ತಿದ್ದೂ ಲೆಕ್ಕಕ್ಕೆ ಹಿಡಿದಿರಲಿಲ್ಲವೋ, ನಾನು ಹೇಳಲಾರೆ. ಅವಳು ಮಾತ್ರ ರೊಟ್ಟಿ ಬಡಿಯುತ್ತಲೇ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ನಾನು ಆಯಿಯ ಮಗ್ಗುಲಲ್ಲಿ ಮಲಗುವವಳು, ಆಯಿಯ ಉಡಿಯಿಂದ ಬೆಲ್ಲ ಶೇಂಗಾ ತಿನ್ನುವವಳು, ಆಯಿಯ ಮರಾಠಿಗೆ ಮರಾಠಿಯಲ್ಲೇ ಉತ್ತರ ಕೊಡುವವಳು. ಅವ್ವನ ಐಗಳಿ ಮಾತು, ಅವಳು ಸೆರಗು ಹೊದೆಯುವ ರೀತಿ, ಎಲ್ಲದಕ್ಕೂ ನನಗೆ ಒಂದು ಬಗೆಯ ನಾಚಿಕೆ. ಹತ್ತು ವರ್ಷದ ಹುಡುಗಿಗೆ ಮನೆಯಲ್ಲಿ ಯಾರ ಕೈ ಮೇಲಿದೆ ಎಂಬುದು ಚೆನ್ನಾಗಿ ತಿಳಿದಿರುತ್ತದೆ. ನಾನು ಅಂಥ ಹುಡುಗಿಯರಲ್ಲೂ ಜಾಣೆ.

ಆ ಮನೆಯಲ್ಲಿ ಅವ್ವನದು ಅಂತ ಇದ್ದದ್ದು ಒಂದೇ, ಹಿತ್ತಲಿನ ಅವರೆ ಚಪ್ಪರ. ಬಚ್ಚಲ ನೀರು ಹರಿದು ಹೋಗುವ ಕಡೆ ನಾಲ್ಕು ಮಾರು ಜಾಗ. ಹೊಲದಲ್ಲಿ ತಂಬಾಕು ಬಿಟ್ಟು ಬೇರೇನೂ ಇರದ ಮನೆಯಲ್ಲಿ ಊಟಕ್ಕೆ ಹಸಿರು ಬರುತ್ತಿದ್ದದ್ದು ಅಲ್ಲಿಂದಲೇ. ಮೊದಲ ಸಲ ತವರಿಗೆ ಹೋಗಿ ಬರುವಾಗ ಸೆರಗಿನ ತುದಿಗೆ ಕಟ್ಟಿಕೊಂಡು ತಂದ ಒಂದು ಹಿಡಿ ಬೀಜದಿಂದ ಆದ ಚಪ್ಪರ ಅದು. ಕಾಯಿಯ ಅಂಚಿಗೆ ನೇರಳೆ ಗೆರೆ ಇರುವ ಆ ಅವರೆ ನಮ್ಮ ಕಡೆ ಬೇರೆ ಯಾರ ಮನೆಯಲ್ಲೂ ಇರಲಿಲ್ಲ. ಪ್ರತಿ ವರ್ಷ ಕೊನೆಗೆ ನಾಲ್ಕು ಒಳ್ಳೆಯ ಗೊಂಚಲನ್ನು ಬಳ್ಳಿಯಲ್ಲೇ ಒಣಗಲು ಬಿಟ್ಟು, ಬೀಜ ಬಿಡಿಸಿ, ಬೂದಿಯಲ್ಲಿ ಕಲಸಿ ಕುಡಿಕೆಯಲ್ಲಿಟ್ಟು ಬಾಯಿ ಕಟ್ಟುತ್ತಿದ್ದಳು. ಚಪ್ಪರದ ಬುಡದಲ್ಲಿ ಮೆಂತ್ಯ, ಹಕ್ಕರಕಿ, ಉಳ್ಳಾಗಡ್ಡಿ ತಪ್ಪಲು. ನಮ್ಮ ಕಡೆಯ ಊಟ ತಿಳಿದವರಿಗೆ ಹೇಳಬೇಕಾಗಿಲ್ಲ: ಈ ಸೊಪ್ಪುಗಳನ್ನು ನಾವು ಬೇಯಿಸುವುದೇ ಇಲ್ಲ. ಕಿತ್ತು, ಒಂದು ಸಲ ನೀರಲ್ಲಿ ಅದ್ದಿ, ಝಾಡಿಸಿ, ಗಂಗಾಳದ ಬದಿಗೆ ಹಸಿಯಾಗಿಯೇ ಇಡುತ್ತೇವೆ. ಬಿಸಿ ರೊಟ್ಟಿ, ಝುಣಕ, ಜೊತೆಗೆ ಎಳೆಯ ಮೆಂತ್ಯ. ನನಗೆ ಮೆಂತ್ಯ ಎಂದರೆ ಪ್ರಾಣ. ನನ್ನ ತಮ್ಮ ಬಾಳುವಿಗೆ ಆಗ ನಾಲ್ಕು ವರ್ಷ. ನಾನು ಏನು ತಿನ್ನುತ್ತೇನೋ ಅದನ್ನೇ ತಿನ್ನುವ ಹಟ ಅವನದು.

ಆ ವರ್ಷ ಚಳಿ ಬೀಳುತ್ತಿದ್ದಂತೆ ಅವರೆಯ ಕುಡಿಗೆ ಹೇನು ಹತ್ತಿತು. ಆಯಿ ಅದನ್ನು ಮರಾಠಿಯಲ್ಲಿ ಮಾವಾ ಅನ್ನುತ್ತಿದ್ದಳು. ಸಾಸಿವೆಗಿಂತ ಸಣ್ಣ ಕಪ್ಪು ಹುಳ, ಎಳೆಯ ಕುಡಿ, ಹೂವಿನ ದೇಟು, ಎಲೆಯ ಬೆನ್ನು ಎಲ್ಲಿ ನೋಡಿದರೂ ಒತ್ತೊತ್ತಾಗಿ ಕೂತು ರಸ ಹೀರುತ್ತಿತ್ತು. ಎಲೆ ಮುದುಡಿತು, ಮುಟ್ಟಿದರೆ ಬೆರಳಿಗೆ ಅಂಟು. ಆಯಿಗೆ ಆ ಜಾಗದ ಮೇಲೆ ಮೊದಲಿನಿಂದಲೂ ಕಣ್ಣು. ಅಂಗಳ ಸಾಲದು, ಚಪ್ಪರ ತೆಗೆದರೆ ಅಷ್ಟು ತಂಬಾಕು ಅಲ್ಲಿಯೂ ಹರವಬಹುದು ಎಂದು ಅಪ್ಪನ ಕಿವಿಯಲ್ಲಿ ಹಾಕುತ್ತಲೇ ಇದ್ದಳು. ಹೇನು ಕಂಡದ್ದೇ ತಡ, ಮಾತು ಹೊರಬಿತ್ತು.

"ಈ ಹುಳಾ ನಾಳೆ ತಂಬಾಕಿಗಿ ಹತ್ತತೈತಿ. ಕಿತ್ತ ಒಗಿ ಅದನ್ನ."

"ಅವರಿ ಹೇನು ತಂಬಾಕಿಗಿ ಬರೂದಿಲ್ರಿ ಅತ್ತಿ," ಎಂದಳು ಅವ್ವ. ಅವಳು ಎದುರು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. "ನನಗ ಹನ್ನೆರಡು ದಿನಾ ಕೊಡ್ರಿ. ಅಷ್ಟರಾಗ ಹೋಗಲಿಲ್ಲಂದ್ರ ನಾನ ಕಿತ್ತ ಹಾಕತೇನಿ."

ಅಪ್ಪ ಅಂಗಡಿಯ ಔಷಧ ಹೊಡೆಯುತ್ತೇನೆ ಎಂದ. ಹೊಲಕ್ಕೆ ತಂದ ಡಬ್ಬಿಯಲ್ಲಿ ಇನ್ನೂ ಉಳಿದಿತ್ತು, ತಲೆಬುರುಡೆಯ ಚಿತ್ರ ಬರೆದ ಡಬ್ಬಿ. ಅವ್ವ ಒಪ್ಪಲಿಲ್ಲ.

"ಮಕ್ಕಳು ಹಸೀದು ತಿಂತಾವ. ಆ ಡಬ್ಬಿ ಹಿತ್ತಲದಾಗ ತರಬ್ಯಾಡ್ರಿ."

ಎಳ್ಳಮಾವಾಸ್ಯೆಗೆ ಹದಿಮೂರು ದಿನ ಇತ್ತು. ಅವತ್ತು ಅಪ್ಪನ ತಂಗಿ ಗಂಡ ಮಕ್ಕಳ ಸಮೇತ ಬರುವವಳಿದ್ದಳು. ಅಷ್ಟರೊಳಗೆ ಹೇನು ಹೋಗಬೇಕು, ಇಲ್ಲವೇ ಚಪ್ಪರ ಹೋಗಬೇಕು ಎಂದು ಆಯಿ ತೀರ್ಪು ಕೊಟ್ಟಳು. ನಾಲ್ಕು ಮಾರು ಜಾಗದ ಮೇಲೆ ಒಬ್ಬ ಹೆಣ್ಣುಮಗಳ ಮಾನ ನಿಂತಿದೆ ಎಂದು ಆಗ ನನಗೆ ಅನ್ನಿಸಲಿಲ್ಲ. ಈಗ ಅನ್ನಿಸುತ್ತದೆ, ಏನು ಉಪಯೋಗ.

ಅವ್ವನ ಕೆಲಸ ನಸುಕಿಗೇ ಶುರುವಾಗುತ್ತಿತ್ತು. ಮೊದಲ ದಿನ ತೀರ ಹಾಳಾದ ಕುಡಿಗಳನ್ನು ಚಿವುಟಿ ಒಂದು ಬುಟ್ಟಿಗೆ ಹಾಕಿ ಒಲೆಗೆ ಸುರುವಿದಳು. ಆಮೇಲೆ ತಂಬಿಗೆಯಿಂದ ನೀರನ್ನು ಎಲೆಯ ಬೆನ್ನಿಗೆ ಜೋರಾಗಿ ಎರಚಿ ಎಷ್ಟು ಉದುರುತ್ತವೋ ಅಷ್ಟು ಉದುರಿಸಿದಳು. ಹಿಂದಿನ ದಿನವೇ ನೆನೆಯಿಟ್ಟ ಅಂಟವಾಳಕಾಯಿಯನ್ನು ಕಿವುಚಿ ನೊರೆ ಬರಿಸಿ, ಹಳೆಯ ಧೋತರದ ಚಿಂದಿ ಅದರಲ್ಲಿ ಅದ್ದಿ, ಒಂದೊಂದೇ ಎಲೆಯನ್ನು ಅಂಗೈ ಮೇಲೆ ಇಟ್ಟುಕೊಂಡು ಹಿಂಬದಿ ಒರೆಸುತ್ತಿದ್ದಳು. ಬಿಸಿಲೇರುವ ಮೊದಲು ಮುಗಿಯಬೇಕು, ಬಿಸಿಲಲ್ಲಿ ಒರೆಸಿದರೆ ಎಲೆ ಸುಡುತ್ತದೆ. ಎರಡು ದಿನಕ್ಕೊಮ್ಮೆ ಇದು. ನಡುವಿನ ದಿನ ಇಬ್ಬನಿ ಇರುವಾಗಲೇ ತೆಳು ಬಟ್ಟೆಯಲ್ಲಿ ಒಲೆ ಬೂದಿ ಕಟ್ಟಿ ಕುಡಿಗಳ ಮೇಲೆ ತಟ್ಟಿ ತಟ್ಟಿ ಉದುರಿಸುವುದು. ಬಳ್ಳಿಯ ಬುಡದ ಸುತ್ತಲೂ ಬೂದಿಯ ಗೆರೆ ಎಳೆದಳು. ಯಾಕೆ ಎಂದು ಕೇಳಿದ್ದಕ್ಕೆ ಇರುವೆ ತೋರಿಸಿದಳು. ಹೇನು ಬಿಡುವ ಸಿಹಿ ಅಂಟಿಗಾಗಿ ಇರುವೆಗಳು ಅದನ್ನು ಕಾಯುತ್ತವಂತೆ, ತಿನ್ನಲು ಬಂದ ಹುಳವನ್ನು ಓಡಿಸುತ್ತವಂತೆ.

"ಹೇನಿಗಿಂತಾ ಮೊದಲ ಇವನ್ನ ತಡೀಬೇಕು," ಎಂದಳು. "ಕಾಯೂ ಮಂದಿ ಇರೂತನಕಾ ಕಳ್ಳರು ಹೋಗೂದಿಲ್ಲ."

ಕೆಂಪು ಬೆನ್ನಿನ ಮೇಲೆ ಕರಿ ಚುಕ್ಕೆಯ ಗುಲಗಂಜಿ ಹುಳ ಕಂಡರೆ ಮಾತ್ರ ಅವಳ ಚಿಂದಿ ಅಲ್ಲಿಗೇ ನಿಲ್ಲುತ್ತಿತ್ತು. ಆ ಕುಡಿಯನ್ನು ಒರೆಸುತ್ತಲೇ ಇರಲಿಲ್ಲ. ಅದು ದಿನವಿಡೀ ಹೇನು ತಿನ್ನುತ್ತದೆ, ಅದರ ಮರಿ ಇನ್ನೂ ಹೆಚ್ಚು ತಿನ್ನುತ್ತದೆ, ಅದಕ್ಕೂ ಊಟ ಉಳಿಯಲಿ ಎನ್ನುತ್ತಿದ್ದಳು. ಅವಳ ಜೊತೆ ನಾನೂ ನಿಂತು ಒರೆಸುತ್ತಿದ್ದೆ, ಮನಸ್ಸಿಟ್ಟಲ್ಲ. ಚಳಿಗೆ ಬೆರಳು ಸೆಟೆಯುತ್ತಿದ್ದವು. ಕಟ್ಟೆಯ ಮೇಲೆ ಮಿಸರಿ ತಿಕ್ಕುತ್ತ ಆಯಿ ನಮ್ಮನ್ನೇ ನೋಡುತ್ತಿದ್ದಳು. ಐದನೆಯ ದಿನಕ್ಕೆ ಕುಡಿಗಳು ನೆಟ್ಟಗಾದವು. ಒಂಬತ್ತನೆಯ ದಿನ ಹುಡುಕಿದರೂ ಹತ್ತು ಹೇನು ಸಿಗುವುದು ಕಷ್ಟವಾಯಿತು. ಹೊಸ ಹೂವು ಬಿಟ್ಟಿತ್ತು. ಅವ್ವ ಆ ದಿನ ರೊಟ್ಟಿ ಬಡಿಯುವಾಗ ಏನೋ ಗುನುಗುತ್ತಿದ್ದಳು. ಅದನ್ನು ನಾನೂ ಕೇಳಿದೆ, ಆಯಿಯೂ ಕೇಳಿದಳು.

ಹತ್ತನೆಯ ದಿನ ಮುಂಜಾನೆ ಅವ್ವ ಬಟ್ಟೆಯ ಗಂಟು ಹೊತ್ತು ಬಾವಿಗೆ ಹೋದಳು. ಬಾಳುವನ್ನೂ ಜೊತೆಗೆ ಕರೆದೊಯ್ದಳು. ಅವಳು ಓಣಿ ದಾಟುತ್ತಿದ್ದಂತೆ ಆಯಿ ನನ್ನನ್ನು ಅಟ್ಟಕ್ಕೆ ಹತ್ತಿಸಿದಳು. ತಂಬಾಕಿನ ಕಡ್ಡಿ, ಚೂರು ಎರಡು ಬೊಗಸೆ ಇಳಿಸಿದೆ. ಹಿತ್ತಲ ಮೂಲೆಯಲ್ಲಿ ಹಿಂದಿನ ದಿನವೇ ನೆನೆಹಾಕಿದ ಒಂದು ಬಕೆಟ್ ಇದ್ದದ್ದು ನನಗೆ ಆಗ ಕಂಡಿತು. ನೀರು ಗಟ್ಟಿ ಚಹಾದ ಬಣ್ಣಕ್ಕೆ ತಿರುಗಿತ್ತು.

"ಇನ್ನಷ್ಟು ಹಾಕಿ ಕೈಯಿಂದ ಚಂದಂಗ ಕಿವುಚ. ನಿಮ್ಮ ಅವ್ವ ಒಬ್ಬಾಕಿ ಎಷ್ಟು ಬಳಲತಾಳ. ನಾವೂ ಒಂದು ಕೈ ಹಚ್ಚೂನು."

"ಆಯಿ, ಹುಳಾ ಹೋಗ್ಯಾವಲ್ಲ," ಎಂದೆ. ಇಷ್ಟನ್ನು ನಾನು ಹೇಳಿದೆ. ನನ್ನ ಪರವಾಗಿ ಹೇಳಿಕೊಳ್ಳಲು ಇರುವುದು ಇಷ್ಟೇ.

"ಹೋಗಿಲ್ಲ. ಮೂಲ್ಯಾಗ ಅದಾವ."

"ಅವ್ವ ವಿಷಾ ಬ್ಯಾಡ ಅಂದಾಳ."

ಆಯಿ ನಕ್ಕಳು. ಹಲ್ಲಿನ ಸಂದಿಯಲ್ಲಿ ಮಿಸರಿಯ ಕಪ್ಪು ಇನ್ನೂ ಇತ್ತು.

"ದಿನಾ ಹಲ್ಲಿಗಿ ಹಚ್ಚೂದು ಐತಿ ಇದು. ಇದು ಹೆಂಗ ವಿಷಾ ಆಗತೈತಿ? ವಿಷಾ ಅಂದ್ರ ಅಂಗಡ್ಯಾಗಿಂದು. ಇದು ಮನೀದು."

ನಾನು ಮೊಣಕೈತನಕ ಕೈ ಹಾಕಿ ಕಿವುಚಿದೆ. ಆಯಿ ಬೇವಿನ ತಪ್ಪಲಿನ ಕಟ್ಟನ್ನು ಅದ್ದಿ ಅದ್ದಿ ಚಪ್ಪರದ ಮೇಲೆ ಚಿಮುಕಿಸಿದಳು. ಬಕೆಟ್ ಹಿಡಿದುಕೊಂಡು ಅವಳ ಹಿಂದೆ ನಾನು. ಎಲೆಯಿಂದ ಎಲೆಗೆ ಕಂದು ನೀರು ಇಳಿದು, ತುದಿಯಲ್ಲಿ ನಿಂತು, ಕೆಳಗಿನ ಮೆಂತ್ಯದ ಮೇಲೆ ತೊಟ್ಟಿಕ್ಕುತ್ತಿತ್ತು. ಗುಲಗಂಜಿ ಹುಳಗಳು ಒಂದೊಂದಾಗಿ ಉದುರಿ ಕಾಲು ಮೇಲೆ ಮಾಡಿ ಬಿದ್ದವು. ಅವನ್ನು ನಾನು ನೋಡಿದೆ. ಆಯಿ ನೋಡಿದ್ದು ಮೇಲೆ ಮಾತ್ರ, ಚಪ್ಪರದ ಕಡೆ. ಅವರೆಕಾಯಿ ನಾಲ್ಕು ದಿನ ಕೀಳಬಾರದು ಎಂದು ಅವಳಿಗೆ ಗೊತ್ತಿತ್ತು, ಅಡುಗೆಗೆ ಬೇಡ ಎಂದು ಹೇಳುವವಳಿದ್ದಳು. ಬುಡದಲ್ಲಿ ಮೆಂತ್ಯ ಇದೆ ಎಂಬುದು ಅವಳ ತಲೆಗೆ ಬರಲೇ ಇಲ್ಲ. ಆ ಜಾಗದಲ್ಲಿ ಏನು ಬೆಳೆಯುತ್ತದೆ ಎಂದು ಹನ್ನೆರಡು ವರ್ಷದಲ್ಲಿ ಒಮ್ಮೆಯೂ ಬಗ್ಗಿ ನೋಡಿದವಳಲ್ಲ. ಇಷ್ಟನ್ನು ಅವಳ ಪರವಾಗಿ ಹೇಳಬೇಕು, ಹೇಳಿದ್ದೇನೆ. ಹೇನು ಹೋದದ್ದು ತನ್ನ ತಂಬಾಕಿನಿಂದ ಎಂದು ಹಬ್ಬದ ದಿನ ಎಲ್ಲರೆದುರು ಹೇಳುವುದಷ್ಟೇ ಅವಳಿಗೆ ಬೇಕಿತ್ತು ಎಂದು ಈಗ ಅನ್ನಿಸುತ್ತದೆ. ಖಾಲಿ ಬಕೆಟ್ ತೊಳೆಯುತ್ತ ಆಯಿ ನನ್ನ ಗಲ್ಲ ಹಿಂಡಿದಳು.

"ಅವ್ವಗ ಹೇಳಬ್ಯಾಡ. ತಾನ ಗೆದ್ದೆ ಅನಕೋಲಿ ಪಾಪ. ಮಾಝಿ ಶಹಾಣಿ ಪೋರ್."

ನನ್ನ ಜಾಣ ಹುಡುಗಿ ಎಂದು ಅದರ ಅರ್ಥ. ಆ ಮಾತಿಗಾಗಿ ನಾನು ಆಗ ಏನು ಬೇಕಾದರೂ ಮಾಡುತ್ತಿದ್ದೆ.

ಅವ್ವ ಬಾವಿಯಿಂದ ಬಂದು ಬಟ್ಟೆ ಒಣಹಾಕಿ ಒಲೆ ಹಚ್ಚಿದಳು. ಮಧ್ಯಾಹ್ನ ರೊಟ್ಟಿ ಆದ ಮೇಲೆ ಹಿತ್ತಲಿಗೆ ಹೋಗಿ ಮೆಂತ್ಯ ಕಿತ್ತು ತಂದಳು. ತಪ್ಪಲು ಒದ್ದೆ ಇದ್ದದ್ದು ಅವಳಿಗೆ ಸೋಜಿಗವಾಗಲಿಲ್ಲ. ಬಚ್ಚಲ ನೀರು ಹರಿಯುವ ಜಾಗ, ಚಪ್ಪರದ ನೆರಳಲ್ಲಿ ಇಬ್ಬನಿಯೂ ಬೇಗ ಆರುತ್ತಿರಲಿಲ್ಲ. ಎಂದಿನಂತೆ ಒಂದು ಸಲ ಅದ್ದಿ, ಝಾಡಿಸಿ, ನನ್ನ ಗಂಗಾಳಕ್ಕೆ ಒಂದು ಹಿಡಿ, ಬಾಳುವಿನ ಗಂಗಾಳಕ್ಕೆ ಒಂದು ಹಿಡಿ ಇಟ್ಟಳು. ಅಪ್ಪ ಹೊಲದಲ್ಲಿ. ಆಯಿ ಓಣಿಯಲ್ಲಿ ಯಾರದೋ ಮನೆಗೆ ಹೋಗಿದ್ದಳು. ಅವ್ವ ಎಲ್ಲರದಾದ ಮೇಲೆ ಉಣ್ಣುವವಳು.

ನಾನು ಮೆಂತ್ಯ ಮುಟ್ಟಲಿಲ್ಲ. ಇದನ್ನು ಬರೆಯುವುದಕ್ಕೆ ಇಷ್ಟು ವರ್ಷ ಬೇಕಾಯಿತು. ತಂಬಾಕು ಕಿವುಚಿ ನನಗೂ ತಲೆ ಸುತ್ತುತ್ತಿತ್ತು, ಅದಕ್ಕೇ ಬೇಡವೆನಿಸಿತು ಎಂದು ನೆಪ ಹೇಳಬಹುದು. ಸುಳ್ಳು. ಆ ಮೆಂತ್ಯದ ಮೇಲೆ ಏನು ಬಿದ್ದಿದೆ ಎಂದು ಗೊತ್ತಿದ್ದುದರಿಂದ ನಾನು ಮುಟ್ಟಲಿಲ್ಲ. ರೊಟ್ಟಿ ಮುರಿದು ಝುಣಕದಲ್ಲಿ ಅದ್ದಿ ತಿನ್ನುತ್ತ ಕೂತೆ. ಎದುರಿಗೆ ಬಾಳು ತನ್ನ ಪಾಲಿನದನ್ನು ಮುಗಿಸಿ, ನಾನು ಬಿಟ್ಟಿದ್ದಕ್ಕೂ ಕೈ ಚಾಚಿದ. ನಾನು ಗಂಗಾಳವನ್ನು ಅವನ ಕಡೆ ಸರಿಸಲಿಲ್ಲ, ಹಿಂದಕ್ಕೂ ಎಳೆಯಲಿಲ್ಲ. ಅವ್ವ ರೊಟ್ಟಿ ತಿರುವಿ ಹಾಕುತ್ತ, "ತಿನ್ನು ರಾಜಾ," ಎಂದಳು. ಒಂದು ಮಾತು ಸಾಕಿತ್ತು. ಆಯಿ ಮನೆಯಲ್ಲೂ ಇರಲಿಲ್ಲ, ಹೆದರಲು ಎದುರಿಗೆ ಯಾರೂ ಇರಲಿಲ್ಲ. ಆದರೂ ಹೇಳಲಿಲ್ಲ. ಅಂದಿನಿಂದ ನನ್ನ ಬಗ್ಗೆ ನನಗೆ ಇರುವ ಅಭಿಪ್ರಾಯ ಬದಲಾಗಿಲ್ಲ.

ಸ್ವಲ್ಪ ಹೊತ್ತಿನಲ್ಲೇ ಬಾಳುವಿನ ಬಾಯಿಂದ ಜೊಲ್ಲು ಸುರಿಯತೊಡಗಿತು. ಹಣೆಯ ಮೇಲೆ ಬೆವರು, ಮುಖ ಬೆಳ್ಳಗೆ. ಬಚ್ಚಲಲ್ಲಿ ಒಂದೇ ಸಮನೆ ವಾಂತಿ ಮಾಡಿಕೊಂಡ. ಎತ್ತಿ ನಿಲ್ಲಿಸಿದರೆ ಕಾಲು ನಿಲ್ಲಲಿಲ್ಲ. ಅವ್ವ ಪಕ್ಕದ ಮನೆಯವನನ್ನು ಅಪ್ಪನನ್ನು ಕರೆಯಲು ಹೊಲಕ್ಕೆ ಓಡಿಸಿ, "ನೀರ ತಾ" ಎಂದು ನನಗೆ ಹೇಳಿದಳು. ನಾನು ತಂಬಿಗೆ ಚಾಚಿದೆ. ಅವಳು ತಂಬಿಗೆ ತೆಗೆದುಕೊಳ್ಳಲಿಲ್ಲ. ನನ್ನ ಕೈ ನೋಡಿದಳು. ಮೊಣಕೈತನಕ ಕಂದು ಕಲೆ. ಒಣ ತಂಬಾಕಿನ ಘಾಟು ಬೇರೆ, ನೆನೆದದ್ದರ ಘಾಟು ಬೇರೆ. ಆ ಮನೆಯಲ್ಲಿ ಬಾಳಿದವರಿಗೆ ಅದು ತಿಳಿಯುತ್ತದೆ. ಅವಳು ನನ್ನ ಕೈಯನ್ನು ಮೂಗಿನ ಹತ್ತಿರ ಒಯ್ದು, ಬಿಟ್ಟು, ಬಾಗಿಲಿನಿಂದ ಚಪ್ಪರದ ಕಡೆ ಒಮ್ಮೆ ನೋಡಿದಳು. ಆಮೇಲೆ ಬಾಳುವನ್ನು ಎಡ ತೊಡೆಯ ಮೇಲೆ ಮಲಗಿಸಿಕೊಂಡೇ, ಅಂಟವಾಳದ ಗಡಿಗೆಯನ್ನು ಎಳೆದು ನನ್ನ ಎರಡೂ ಕೈಗಳನ್ನು ಅದರಲ್ಲಿ ಮುಳುಗಿಸಿದಳು. ತೆಂಗಿನ ನಾರಿನಿಂದ ಚರ್ಮ ಕೆಂಪಾಗುವತನಕ ತಿಕ್ಕಿದಳು. ಇದು ನನಗೆ ಶಿಕ್ಷೆ ಎಂದುಕೊಂಡು ನಾನು ಅತ್ತೆ.

ಹಾಲಿನ ಟೆಂಪೋದಲ್ಲಿ ಅಪ್ಪ ಅವ್ವ ಇಬ್ಬರೂ ಬಾಳುವನ್ನು ನಿಪ್ಪಾಣಿಗೆ ಕರೆದೊಯ್ದರು. ಮರುದಿನ ಸಂಜೆ ಮೂವರೂ ತಿರುಗಿ ಬಂದರು. ಅಲ್ಲಿ ನಡೆದದ್ದನ್ನು ಅಪ್ಪ ಆಯಿಗೆ ಹೇಳುವಾಗ ಕೇಳಿದೆ. ಏನು ತಿಂದಿದ್ದಾನೆ ಎಂದು ಡಾಕ್ಟರು ಕೇಳಿದಾಗ ಅವ್ವ ಹಿಂದೆ ಮುಂದೆ ನೋಡದೆ, "ತಂಬಾಕಿನ ನೀರು ಬಿದ್ದಿದ್ದ ಮೆಂತೆ ತಿಂದಾನ್ರಿ" ಎಂದಳಂತೆ. ಅದು ಬೇಗ ತಿಳಿದದ್ದರಿಂದ ಹುಡುಗ ಉಳಿದ ಎಂದು ಡಾಕ್ಟರು ಅಂದರಂತೆ. ಚಪ್ಪರಕ್ಕೆ ತಂಬಾಕಿನ ನೀರು ಹೊಡೆದವರು ಯಾರು ಎಂದು ಅಪ್ಪ ಅಲ್ಲೇ ಕೇಳಿದನಂತೆ. ಅವ್ವ ಹೇಳಿದ್ದು ಎರಡೇ ಮಾತು.

"ನಾನ ಹೊಡದೆ."

ಆಯಿಯ ಹೆಸರು ತೆಗೆದರೆ ಆಯಿ ನನ್ನ ಹೆಸರು ತೆಗೆಯುತ್ತಾಳೆ. ಅಪ್ಪನ ಕೈಯಲ್ಲಿ ಬಾರುಕೋಲು ಇರುತ್ತದೆ. ಇದನ್ನೆಲ್ಲ ಅವಳು ನನ್ನ ಕೈ ತಿಕ್ಕುವಾಗಲೇ ಯೋಚಿಸಿದ್ದಳು. ಆಯಿ ಕಟ್ಟೆಯ ಮೇಲೆ ಕೂತು ಅಪ್ಪ ಹೇಳಿದ್ದನ್ನೆಲ್ಲ ಕೇಳಿದಳು. ಅವಳ ಮುಖದಲ್ಲಿ ಮೊದಲು ಅಂಜಿಕೆ ಬಂತು, 'ನಾನ ಹೊಡದೆ' ಎಂಬಲ್ಲಿಗೆ ಬಂದಾಗ ಅದು ಇಳಿಯಿತು. ನನ್ನ ಕಡೆ ಒಂದು ಸಲ ನೋಡಿ, ಆಮೇಲೆ ಗಟ್ಟಿಯಾಗಿ ಅಂದಳು:

"ದೊಡ್ಡ ದೊಡ್ಡ ಮಾತ ಆಡ್ತಿದ್ಲಲ್ಲ, ಮಕ್ಕಳು ಹಸೀದು ತಿಂತಾವ ಅಂತ. ತನ್ನ ಕೈಯಾರೆ ತಿನಿಸಿದ್ಲು ನೋಡ್."

ಅಪ್ಪ ಕುಡುಗೋಲು ತಗೊಂಡು ಹಿತ್ತಲಿಗೆ ಹೋದ. ಬಾಳುವನ್ನು ಹೆಗಲಿಗೆ ಹಾಕಿಕೊಂಡೇ ಅವ್ವ ಹಿಂದೆ ಹೋದಳು. ಬಳ್ಳಿ ಕಡಿಯುವ ಸದ್ದಿಗೆ ಅಕ್ಕಪಕ್ಕದವರು ಗೋಡೆಯ ಮೇಲೆ ಇಣುಕಿದರು. ಆ ಚಪ್ಪರದಲ್ಲಿ ಹುಡುಕಿದರೂ ಒಂದು ಹೇನು ಇರಲಿಲ್ಲ. ಕಾಯಿಗಳೆಲ್ಲ ಇನ್ನೂ ಹಸಿರು, ಬೀಜ ಬಲಿತಿರಲಿಲ್ಲ. ಕುಡಿಕೆಯಲ್ಲಿದ್ದ ಬೀಜವನ್ನೆಲ್ಲ ಆ ವರ್ಷ ಬಿತ್ತಿ ಮುಗಿದಿತ್ತು. ಅವ್ವ ಅತ್ತಿರಲಿಲ್ಲ, ವಾದಿಸಿರಲಿಲ್ಲ. ಈಗ ಮಾತ್ರ ಒಂದು ಹೆಜ್ಜೆ ಮುಂದೆ ಬಂದಳು.

"ಬೀಜಕ್ಕ ಒಂದು ಬಳ್ಳಿ ಬಿಡ್ರಿ. ಒಂದ ಸಾಕು."

ಅಪ್ಪ ಬಿಡಲಿಲ್ಲ. ಅವ್ವ ತಿರುಗಿ ನನ್ನನ್ನು ನೋಡಿದಳು. ನಾನು ಆಯಿಯ ಮಗ್ಗುಲಲ್ಲಿ ಅವಳ ಸೆರಗು ಹಿಡಿದು ನಿಂತಿದ್ದೆ. ಎಷ್ಟು ಹೊತ್ತು ನೋಡಿದಳೋ. ನಾನು ನೆಲ ನೋಡಿದೆ. ಎಳ್ಳಮಾವಾಸ್ಯೆಗೆ ಬಂದ ಅತ್ತೆಯ ಮುಂದೆ ಆಯಿ ನನ್ನನ್ನು ಮುಂದಕ್ಕೆ ಎಳೆದು, ಎಷ್ಟು ಶಾಣ್ಯಾಕಿ ಇದ್ದಾಳೆ, ಬಾಯಿ ಬಿಚ್ಚುವವಳಲ್ಲ ಎಂದು ಹೊಗಳಿದಳು. ಆ ಹೊಗಳಿಕೆಯ ಜೊತೆ ಎಳ್ಳು ಹೋಳಿಗೆಯನ್ನೂ ತಿಂದೆ. ರುಚಿಯಾಗಿತ್ತು. ವಾರದೊಳಗೆ ಆ ಜಾಗವನ್ನು ಸಗಣಿ ಸಾರಿಸಿ ತಂಬಾಕು ಹರವಿದರು. ಅವ್ವ ಐಗಳಿಗೆ ಹೋದಾಗ ಬೀಜ ಕೇಳಿದಳು. ಅಲ್ಲಿ ಅಣ್ಣಂದಿರು ಹಿತ್ತಲ ಗೋಡೆಯತನಕ ದ್ರಾಕ್ಷಿ ಹಚ್ಚಿದ್ದರು, ಅವರೆ ಯಾರ ಹತ್ತಿರವೂ ಇರಲಿಲ್ಲ. ನೇರಳೆ ಅಂಚಿನ ಆ ಕಾಯಿಯನ್ನು ನಾನು ಮತ್ತೆ ಎಲ್ಲಿಯೂ ಕಂಡಿಲ್ಲ. ಊರಲ್ಲಿ ಮಾತ್ರ ಅವ್ವನಿಗೆ ಒಂದು ಹೆಸರು ಬಂತು, ಮಗನಿಗೆ ತಂಬಾಕು ತಿನಿಸಿದಾಕಿ ಎಂದು. ಬಾಳುವಿನ ಮದುವೆಯ ಮಾತುಕತೆಯಲ್ಲೂ ಬೀಗರ ಕಡೆಯ ಮುದುಕಿಯೊಬ್ಬಳು ಅದನ್ನು ನೆನೆದು ನಕ್ಕಳು. ಆಗಲೂ ನಾನು ಅಲ್ಲೇ ಚಹಾ ಹಂಚುತ್ತಿದ್ದೆ.

ಬಾಯಿ ಮುಚ್ಚಿಕೊಂಡಿರುವುದು ಒಂದು ಕಸುಬು. ಚಿಕ್ಕಂದಿನಲ್ಲಿ ಕೈಗೆ ಹತ್ತಿದರೆ ಮುಂದೆ ಎಲ್ಲ ಕಡೆ ಅನ್ನ ಹುಟ್ಟುತ್ತದೆ. ನಾನು ಓದಿದೆ, ಚಿಕ್ಕೋಡಿಯಲ್ಲಿ ನೌಕರಿ ಹಿಡಿದೆ, ಕಚೇರಿಯಲ್ಲಿ ಮೇಲಿನವರು ಮಾಡಿದ ತಪ್ಪು ಕೆಳಗಿನವರ ತಲೆಗೆ ಬಂದಾಗಲೆಲ್ಲ ನನಗೆ ಎಲ್ಲ ಗೊತ್ತಿರುತ್ತಿತ್ತು. ನನ್ನನ್ನು ಯಾರೂ ದೂರಿದ್ದಿಲ್ಲ. ನಿವೃತ್ತಿಯ ದಿನ ಹಾರ ಹಾಕಿ, ಯಾರಿಗೂ ಎದುರಾಡದ ಸಜ್ಜನ ಹೆಣ್ಣುಮಗಳು ಎಂದು ಭಾಷಣ ಮಾಡಿದರು. ಆಯಿಯ ಮಾತನ್ನೇ ದೊಡ್ಡ ಕನ್ನಡದಲ್ಲಿ ಹೇಳಿದಂತಿತ್ತು. ಆಯಿ ಸತ್ತಾಗ ನಾನು ಅತ್ತೆ. ಈಗ ಅವಳನ್ನು ನೆನೆದರೆ ಸಿಟ್ಟು ಬರುತ್ತದೆ. ಆ ಸಿಟ್ಟಿನಲ್ಲಿ ನನ್ನ ಪಾಲಿನದನ್ನೂ ಅವಳ ಮೇಲೆ ಹೊರಿಸುವ ಆಸೆ ಇರುತ್ತದೆ ಎಂಬುದೂ ತಿಳಿದಿದೆ.

ಇದನ್ನೆಲ್ಲ ಈಗ ಬರೆಯಲು ಕಾರಣ ಪಕ್ಕದ ಮನೆಯ ಸವಿತಾ. ಮೊನ್ನೆ ಅವಳ ಕುಂಡಗಳಲ್ಲಿನ ಅಲಸಂದೆಗೆ ಹೇನು ಹತ್ತಿತ್ತು. ಗೋಡೆಯ ಮೇಲಿಂದ ಫೋನು ಚಾಚಿ ಒಂದು ವಿಡಿಯೋ ತೋರಿಸಿದಳು.

"ನೋಡ್ರಿ ಕಾಕು, ತಂಬಾಕ ನೆನಸಿ ಹೊಡದ್ರ ಒಂದ ದಿನದಾಗ ಹೋಗತಾವಂತ. ಕೆಮಿಕಲ್ ಇಲ್ಲ ಏನಿಲ್ಲ, ಪೂರಾ ನೈಸರ್ಗಿಕ."

"ಬ್ಯಾಡವಾ," ಎಂದೆ. "ಅಂಟವಾಳದ ನೀರಿಲೆ ಒರಸು. ಹತ್ತು ದಿನಾ ಹಿಡೀತೈತಿ."

"ಹತ್ತು ದಿನಾ ಯಾರ ಒರಸ್ತಾರ್ರಿ?"

ಅವಳಿಗೆ ಎರಡು ಸಣ್ಣ ಮಕ್ಕಳು. ಬೇಡ, ಕೈ ಮುಗಿಯುತ್ತೇನೆ ಎಂದೆ. ಅವಳು ಬೆರಗಾಗಿ ಫೋನು ಒಳಗೆ ತೆಗೆದುಕೊಂಡಳು. ಯಾಕೆ ಎಂದು ಕೇಳಿದ್ದರೆ ಹೇಳುತ್ತಿದ್ದೆನೋ ಇಲ್ಲವೋ.

ಅವ್ವನಿಗೆ ಮಾತ್ರ ಒಮ್ಮೆ ಹೇಳಲು ಹೋಗಿದ್ದೆ. ಅವಳ ಕೊನೆಯ ವರ್ಷಗಳಲ್ಲಿ, ಚಿಕ್ಕೋಡಿಯ ನನ್ನ ಮನೆಗೆ ಬಂದು ಒಂದು ತಿಂಗಳು ಇದ್ದಳು. ಬಂದ ಮರುದಿನವೇ ಅಂಗಳದ ದಾಸವಾಳದ ಎಲೆ ತಿರುವಿ ನೋಡಿ, "ಹೇನ ಐತಲ್ಲ ಇಲ್ಲೆ" ಎಂದು ಅಂಟವಾಳ ತರಿಸಿ ನೆನೆಹಾಕಿದಳು. ಕಣ್ಣು ಮಂಜಾಗಿತ್ತು, ಬೆರಳಿನಿಂದಲೇ ಹುಳ ಹುಡುಕುತ್ತಿದ್ದಳು. ಒಂದು ಮುಂಜಾನೆ ಅವಳ ಜೊತೆ ಚಿಂದಿ ಹಿಡಿದು ನಿಂತಾಗ ಬಾಯಿಗೆ ಬಂತು.

"ಅವ್ವಾ, ಅವತ್ತ ತಂಬಾಕಿನ ನೀರು ಕಿವುಚಿದಾಕಿ ನಾನು."

"ಗೊತ್ತೈತಿ. ನಿನ್ನ ಕೈ ತೊಳದಾಕಿ ನಾನ ಅಲ್ಲೇನು."

ಅವಳ ದನಿಯಲ್ಲಿ ಏನೂ ಇರಲಿಲ್ಲ. ನನಗೆ ಧೈರ್ಯ ಬಂತು; ಅವಳು ಕ್ಷಮಿಸಿಬಿಟ್ಟಿದ್ದಾಳೆ ಎಂದುಕೊಂಡೆ. ಆ ಒಂದು ಮಾತಿಗಾಗಿ ಆಸೆಯಿಂದ ಕೇಳಿದೆ.

"ನಿನ್ನ ಮ್ಯಾಲ ಯಾಕ ಹಾಕ್ಕೊಂಡಿ?"

"ನಿಮ್ಮಪ್ಪ ಹೊಡೀತಿದ್ದ. ಹೊಡತಾ ತಿನ್ನೂದು ಬ್ಯಾಡ ಅಂತ ಕೈ ತೊಳದೆ," ಎಂದಳು. ಎಲೆಯ ಹಿಂಬದಿ ಒರೆಸಿ, ಚಿಂದಿ ಹಿಂಡಿ, ಮತ್ತೆ ಅದ್ದಿದಳು. "ನಿನ್ನ ಬಾಯಿ ಕಟ್ಟಿದ್ದಿಲ್ಲ ನಾ. ಚಪ್ಪರಾ ಕಡಿಯೂಮುಂದ ಹೇಳ್ತಿ ಅಂತ ನಿನ್ನ ಮಾರಿ ನೋಡ್ದೆ. ಎಲ್ಲಾರೂ ಮಕ್ಕೊಂಡ ಮ್ಯಾಲ ನನ್ನ ಹಂತೇಕಾದ್ರೂ ಬಂದು ಹೇಳ್ತಿ ಅಂತ ಭಾಳ ದಿನಾ ದಾರಿ ನೋಡ್ದೆ."

ನಾನು ಬಗ್ಗಿ ನನ್ನ ಚಿಂದಿಯನ್ನು ಅಂಟವಾಳದ ನೀರಿಗೆ ಅದ್ದಿದೆ.

"ತಂಬಾಕ ಹೋಗ್ಲಿ, ಅದು ನಿಮ್ಮ ಆಯಿ ಮಾಡಿಸಿದ್ದು," ಎಂದಳು ಅವ್ವ. "ಮೆಂತೆ ಅಂದ್ರ ಜೀವಾ ಬಿಡಾಕಿ ನೀ. ಅವತ್ತ ನೀ ಮೆಂತೆ ಮುಟ್ಟಲಿಲ್ಲ."

ಅಷ್ಟು ಹೇಳಿ ಮುಂದಿನ ಎಲೆ ತಿರುವಿದಳು.